ಚಾಪೆ ಎತ್ತಿದ ಸಿನಿವಾ

ಸಿನಿವಾಳಿಗೆ ಏನನ್ನಾದರೂ ಸುಮ್ಮನೆ ಕೊಡುವುದು ಸವಾಯಿ ದ್ವೀಪದ ವೈಸೇಗ ಊರಿನಲ್ಲಿ ಯಾರಿಂದಲೂ ಆಗದ ಕೆಲಸ. ಮರದಲ್ಲಿ ಹೆಚ್ಚಾಯಿತೆಂದು ನೆರೆಮನೆಯವರು ಎರಡು ದೀವಿಹಲಸಿನ ಕಾಯಿ ತಂದಿಟ್ಟರೆ “ಯಾಕೆ ಕೊಟ್ಟೆ?” ಎನ್ನುವಳು. “ಹೆಚ್ಚಾಗಿತ್ತು ಅಕ್ಕ” ಎಂದರೆ “ಹೆಚ್ಚಾದದ್ದು ನಮ್ಮನೆಗೇ ಯಾಕೆ ಬಂತು?” ಎನ್ನುವಳು. ಕೊಟ್ಟವರ ಮುಖ ಕೆಂಪಗಾಗಿ, ಇನ್ನು ಈ ಅಂಗಳ ತುಳಿಯಬಾರದು ಎಂದುಕೊಂಡು ಹೊರಟರೆ ಬೆನ್ನ ಹಿಂದೆಯೇ “ನೋಡಿದ್ರಾ, ಏನೋ ಇತ್ತು ಮನಸ್ಸಲ್ಲಿ” ಎಂಬ ಮಾತು ತೂರಿ ಬರುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂಗಡಿಯವನ ತಕ್ಕಡಿ, ದೋಣಿಯವನ ಚಿಲ್ಲರೆ, ಭಾನುವಾರದ ಊಟಕ್ಕೆ ಹಂಚಿದ ಹಂದಿಮಾಂಸದ ತುಂಡು, ಎಲ್ಲದರಲ್ಲೂ ಅವಳಿಗೆ ಒಂದು ಸಂಚು ಕಾಣುತ್ತಿತ್ತು.

ನೇಯ್ಗೆಯಲ್ಲಿ ಮಾತ್ರ ಅವಳ ಈ ಗುಣ ಊರಿಗೆ ಉಪಕಾರವಾಗಿತ್ತು. ಕೇದಗೆಯ ಗರಿಯನ್ನು ದಾರದಷ್ಟು ಸಣ್ಣಗೆ ಸೀಳಿ, ತಿಂಗಳುಗಟ್ಟಲೆ ಕೂತು ನೇಯುವ ತೋಗ ಚಾಪೆ ನಮ್ಮಲ್ಲಿ ಹಾಸಿ ಮಲಗುವ ವಸ್ತುವಲ್ಲ. ಮದುವೆಗೂ ಅದೇ ಬೇಕು, ಹೆಣದ ಮೇಲೆ ಹೊದಿಸಲೂ ಅದೇ ಬೇಕು, ತಪ್ಪು ಮಾಡಿದ ಮನೆಯವರು ಕ್ಷಮೆ ಕೇಳಲೂ ಅದೇ ಬೇಕು. ಮೇಲ್ಮೈ ಯಾರು ನೇಯ್ದರೂ ಹೊಳೆಯುತ್ತದೆ. ಎಳೆ ಮುಗಿದ ಕಡೆ ಇನ್ನೊಂದು ಎಳೆ ಸೇರಿಸಿದ ತುದಿಗಳೆಲ್ಲ ಒಳಮೈಯಲ್ಲಿ ಇರುತ್ತವೆ, ಕೈಚಳಕವೂ ಕಳ್ಳತನವೂ ಅಲ್ಲೇ ಗೊತ್ತಾಗುವುದು. ಹೆಂಗಸರ ನೇಯ್ಗೆ ಮನೆಯಲ್ಲಿ ಯಾರ ಚಾಪೆ ಮುಗಿದರೂ ಸಿನಿವಾ ಎದ್ದು ಬಂದು, ಅಂಚು ಹಿಡಿದು, ಟಪ್ಪನೆ ಮಗುಚುತ್ತಿದ್ದಳು. ಅವಳು ಮಗುಚಿ ನೋಡಿ ಸುಮ್ಮನಾದರೆ ಆ ಚಾಪೆಗೆ ಸವಾಯಿ ದ್ವೀಪದಲ್ಲೆಲ್ಲ ಬೆಲೆ.

ಇಂಥ ಹೆಂಗಸು ಒಬ್ಬನನ್ನು ಮಾತ್ರ ಮಗುಚಿ ನೋಡಿರಲಿಲ್ಲ. ಅವನು ಅವಳ ಗಂಡ ಪೆನಿಯಾಮಿನಾ. ಚರ್ಚಿನ ಸಭೆಯಲ್ಲಿ ಪಾದ್ರಿಗಳ ಕೈಕೆಳಗಿನ ಹಿರಿಯ, ಅಂದರೆ ಡೀಕನ್, ಹಾಡಿನಲ್ಲಿ ಎಲ್ಲರಿಗಿಂತ ತಗ್ಗಿನ ದನಿ ಅವನದು, ಮಾತು ಕಡಿಮೆ. ಒಬ್ಬಳೇ ಮಗಳು ಪಕ್ಕದ ದ್ವೀಪದಲ್ಲಿ ಸಂಸಾರ ಹೂಡಿದ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಬೆಳಿಗ್ಗೆ ಎದ್ದು ಗುಡ್ಡದ ಮೇಲಿನ ಕೆಸುವಿನ ತೋಟಕ್ಕೆ ಹೋದರೆ ಅವನು ಬರುತ್ತಿದ್ದದ್ದು ಸಂಜೆಯ ಪ್ರಾರ್ಥನೆಯ ಹೊತ್ತಿಗೆ. ಬರುವಾಗ ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು. ಹಾಡುವ ಗಂಟಲಿಗೆ ಬೇಕು ಎನ್ನುತ್ತಿದ್ದ, ಅವಳು ಹೌದೆನ್ನುತ್ತಿದ್ದಳು. ಒಮ್ಮೆ ಗೆಡ್ಡೆಯ ಬುಟ್ಟಿಯ ತಳದಲ್ಲಿ ಅಗ್ಗದ ವೋಡ್ಕಾದ ಬಾಟಲಿ ಸಿಕ್ಕಿತು. ಸಿನಿವಾ ಅದನ್ನು ಸೊಂಟಕ್ಕೆ ಸುತ್ತಿದ ಲಾವಾಲಾವಾದ ಮಡಿಲಲ್ಲಿ ಮುಚ್ಚಿಕೊಂಡು ಹೋಗಿ ಸಮುದ್ರಕ್ಕೆ ಎಸೆದಳು. ಡೀಕನ್ ಮನೆಯ ಹೆಸರು ಕೆಡಿಸಲು ಯಾರೋ ಇಟ್ಟಿದ್ದಾರೆ ಎಂದು ತೀರ್ಮಾನಿಸಿ, ಒಂದು ವಾರ ನೆರೆಮನೆಯವರ ಜೊತೆ ಮಾತು ಬಿಟ್ಟಳು. ಗಂಡನನ್ನು ಕೇಳಲಿಲ್ಲ. ಕೇಳಿದರೆ ಅವನು ಉತ್ತರ ಕೊಟ್ಟುಬಿಟ್ಟಾನು ಎಂಬ ಭಯವನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅದೇ ಊರಿನ ಫುವಾತಿನೊ ಎಂಬ ವಿಧವೆಯ ಮಗ ಸೆಮಿಸಿ ಪೆನಿಯಾಮಿನಾನನ್ನು ತಳ್ಳಿದ. ಗುಡ್ಡದ ಮೇಲೆ, ಸೆಮಿಸಿಯ ತೋಟದ ಗುಡಿಸಲಿನ ಮುಂದೆ. ಅಲ್ಲಿ ನೆಲವೆಂದರೆ ಬೆಂಕಿ ಬೆಟ್ಟ ಉಗುಳಿದ ಕಪ್ಪು ಕಲ್ಲು. ಪೆನಿಯಾಮಿನಾ ಬಿದ್ದ ರಭಸಕ್ಕೆ ಮೊಣಕಾಲಿನ ಕೆಳಗೆ ಎಲುಬು ಎರಡಾಯಿತು. ತಳ್ಳಿದವನೇ ಅವನನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದು, ಪಿಕಪ್ಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿ, ಅಲ್ಲೇ ಪೊಲೀಸರಿಗೆ ಶರಣಾಗಿ ಕೂತ. ಜಗಳ ಯಾಕೆ ಎಂದು ಕೇಳಿದರೆ ಒಂದು ಹಂದಿಯ ವಿಷಯಕ್ಕೆ ಎಂದ. ಪೆನಿಯಾಮಿನಾನೂ ಹಂದಿ ಎಂದೇ ಹೇಳಿದ.

“ಹಂದಿಯಂತೆ! ಹೊಡೆದೋನೇ ಹೊತ್ಕೊಂಡು ಬಂದನಂತೆ! ಕಿವಿ ಮೇಲೆ ಹೂವು ಇಡೋಕೆ ನಾನೇ ಸಿಕ್ಕಿದ್ನಾ ಇವರಿಗೆ?” ಎಂದು ಸಿನಿವಾ ಸಾರ್ಜೆಂಟ್ ವಿಲಿಯಾಮುವಿನ ಮುಂದೆ ಕೂತು ದೂರು ಬರೆಸಿದಳು. “ಬರ್ಕೊಳ್ಳಿ. ಬೇಕಂತಲೇ ತಳ್ಳಿದಾನೆ. ಹಿಂದೆ ಅವನ ಅಮ್ಮ ಇದ್ದಾಳೆ ಅಂತಾನೂ ಬರ್ಕೊಳ್ಳಿ.”

“ಅಮ್ಮ ಅಲ್ಲಿರಲಿಲ್ಲವಲ್ಲ ತಾಯಿ.”

“ಇರಲಿಲ್ಲ ಅನ್ನೋದೇ ಅನುಮಾನ. ಬರ್ಕೊಳ್ಳಿ.”

ಆಸ್ಪತ್ರೆಯಲ್ಲಿ ಡಾಕ್ಟರ್ ಲೂಸಿಯಾ ಕಾಲಿಗೆ ಪಟ್ಟಿ ಕಟ್ಟಿಸುವಾಗ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಆಪರೇಷನ್ ಆಗಿದೆಯೇ, ಕುಡಿಯುತ್ತಾರೆಯೇ. ಮಂಚದ ಆ ಕಡೆ ಬಿಳಿ ಅಂಗಿಯ ಪಾದ್ರಿ ಎಲಿಸಾರಾ ನಿಂತಿದ್ದರು. ಸಿನಿವಾ ಅವರ ಕಡೆ ಒಮ್ಮೆ ನೋಡಿ, ಡಾಕ್ಟರ ಕಡೆ ತಿರುಗಿ ಸಿಡಿದಳು.

“ಡೀಕನ್ ಅವರು! ಡೀಕನ್ನರನ್ನ ಹೀಗೆ ಕೇಳ್ತಾರಾ?”

“ಎಲ್ಲರನ್ನೂ ಕೇಳ್ತೀನಮ್ಮ. ಔಷಧಿ ಕೊಡೋಕೆ ಬೇಕು.”

“ಒಂದು ಹನಿ ಇಲ್ಲ. ದೇವರಾಣೆ.”

ಮಂಚದ ಮೇಲೆ ಪೆನಿಯಾಮಿನಾ ಕಣ್ಣು ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದ. ಪಾದ್ರಿಗಳು ತಮ್ಮ ಚಪ್ಪಲಿಯ ಬಾರನ್ನು ಬಹಳ ಗಮನವಿಟ್ಟು ನೋಡಿದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಫುವಾತಿನೊಳ ಮನೆಯಿಂದ ಒಂದು ಪಾತ್ರೆ ಕೋಳಿ ಸಾರು ಆಸ್ಪತ್ರೆಗೆ ಬಂತು. ತಂದವರು ಬಾಗಿಲಲ್ಲೇ ಇಟ್ಟು ತಲೆ ತಗ್ಗಿಸಿ ಹೋದರು. ಸಿನಿವಾ ಬಟ್ಟೆ ಒಗೆಯಲು ಹೋಗಿದ್ದಳು. ಬರುವಷ್ಟರಲ್ಲಿ ನರ್ಸು ಅದನ್ನು ರೋಗಿಗೆ ಕುಡಿಸಿಯಾಗಿತ್ತು. ಸೋಮವಾರ ಬೆಳಗಾಗುವಾಗ ಪೆನಿಯಾಮಿನಾನ ಕೈ ನಡುಗುತ್ತಿತ್ತು. ಮಧ್ಯಾಹ್ನಕ್ಕೆ ಮಂಚವೇ ನಡುಗುತ್ತಿತ್ತು. ಮೈಯೆಲ್ಲ ಬೆವರು, ಎದೆ ಡಬಡಬ ಬಡಿತ. ಮುರಿದ ಕಾಲನ್ನು ಎಳೆದುಕೊಂಡು ಮಂಚದಿಂದ ಇಳಿಯಲು ನೋಡಿದ. “ಏಡಿ! ಚಾವಣಿ ತುಂಬ ಏಡಿ! ಸಿನಿವಾ, ಪೊರಕೆ ತಗೊಂಬಾ, ಕಿವಿಯೊಳಗೆ ಇಳೀತಾವೆ!” ಎಂದು ಕಿರುಚಿದ. ಸಭೆಯನ್ನು ನಡುಗಿಸುತ್ತಿದ್ದ ಆ ತಗ್ಗಿನ ದನಿ ಈಗ ಕಿರುಗುಟ್ಟುವುದನ್ನು ಕೇಳುತ್ತಲೇ ಸಿನಿವಾ ಅವನ ಎರಡೂ ಭುಜ ಹಿಡಿದು ಮಂಚಕ್ಕೆ ಒತ್ತಿದಳು.

ನೋಡಲು ಬಂದ ಅತ್ತೆಯೊಬ್ಬಳು ಸತ್ತವರ ಗಾಳಿ ಸೋಕಿದೆ ಎಂದಳು. ಎಲೆ ಹಿಂಡಿ ಉಜ್ಜುವ ಮುದುಕಿಯನ್ನು ಕರೆಸಿದರು, ಆಕೆ ಬಂದು ಮೂಸಿ ನೋಡಿ ಗಾಳಿಯಲ್ಲ ಎಂದು ಹೊರಟುಹೋದಳು. ಸಿನಿವಾಳಿಗೆ ಯಾರ ಮಾತೂ ಬೇಕಿರಲಿಲ್ಲ. ಸಾರಿನ ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೇರವಾಗಿ ಠಾಣೆಗೆ ನಡೆದಳು.

“ವಿಷ ಹಾಕಿದಾಳೆ. ಮಗನ ವಿರುದ್ಧ ಸಾಕ್ಷಿ ಹೇಳೋ ಬಾಯನ್ನೇ ಮುಚ್ಚಿಸೋಕೆ. ಇದೂ ಬರ್ಕೊಳ್ಳಿ.”

ವಿಲಿಯಾಮು ಪಾತ್ರೆ ನೋಡಿದ. ತಳದಲ್ಲಿ ಒಂದು ಈರುಳ್ಳಿ ಚೂರು ಅಂಟಿಕೊಂಡಿತ್ತು. “ನಿಮ್ಮ ಗಂಡ ಒಬ್ಬರೇ ಕುಡಿದ್ರಾ?”

“ಉಳಿದದ್ದನ್ನ ನರ್ಸು ಕುಡಿದಳಂತೆ. ಅವಳಿಗೇನೂ ಆಗಿಲ್ಲ. ಅವಳೂ ಅವರ ಕಡೆಯವಳೇ ಇರಬೇಕು.”

ಸಾರ್ಜೆಂಟ್ ನಿಟ್ಟುಸಿರು ಬಿಟ್ಟು ಬರೆದುಕೊಂಡ. ಸಂಜೆ ಡಾಕ್ಟರ್ ಲೂಸಿಯಾ ಸಿನಿವಾಳನ್ನು ಪಡಸಾಲೆಗೆ ಕರೆದಳು. ಪಾದ್ರಿಗಳೂ ಹಿಂದೆಯೇ ಬಂದರು. ತಲೆಗೆ ಪೆಟ್ಟಾಗಿರಬಹುದು, ನಂಜಾಗಿರಬಹುದು, ರಾಜಧಾನಿಗೆ ಕಳಿಸಬೇಕು, ಆದರೆ ಈ ಎದೆ ಬಡಿತದಲ್ಲಿ ಹಡಗು ದಾಟುವುದು ಕಷ್ಟ ಎಂದಳು. “ಏನಂತ ಗೊತ್ತಾಗದೆ ಕುರುಡಾಗಿ ಔಷಧಿ ಕೊಡ್ತಾ ಇದ್ದೀನಿ. ಹೀಗೇ ಬಿಟ್ಟರೆ ಉಳಿಯೋಲ್ಲ. ಇನ್ನೊಂದು ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕುಡೀತಿದ್ರಾ?”

ಸಿನಿವಾಳ ಕಣ್ಣ ಮುಂದೆ ಬುಟ್ಟಿಯ ತಳದ ಬಾಟಲಿ ಬಂತು. ಪಾದ್ರಿಗಳ ಬಿಳಿ ಅಂಗಿಯೂ ಬಂತು. ಡೀಕನ್ನನ ಹೆಂಡತಿ ಎಂದು ಸಭೆಯಲ್ಲಿ ತಾನು ಕೂರುವ ಮುಂದಿನ ಬೆಂಚೂ ಬಂತು.

“ನಿಮ್ಮ ಕೈಲಾಗದ್ದಕ್ಕೆ ನನ್ನ ಗಂಡನ ಮೇಲೆ ಕುಡಿತ ಹೊರಿಸ್ತೀರಾ?” ಎಂದಳು. ಡಾಕ್ಟರ್ ಒಳಗೆ ಹೋದಳು. ಪಾದ್ರಿಗಳು ಪ್ರಾರ್ಥನೆ ಮಾಡೋಣ ಎಂದರು.

ಮಂಗಳವಾರ ಸೂರ್ಯ ಹುಟ್ಟುವ ಹೊತ್ತಿಗೆ ಬಟ್ಟೆ ತರಲೆಂದು ಮನೆಗೆ ಬಂದ ಸಿನಿವಾ ಅಂಗಳದ ತುದಿಯಲ್ಲೇ ನಿಂತುಬಿಟ್ಟಳು. ಮನೆಯ ಮುಂದಿನ ಬೆಣಚುಕಲ್ಲಿನ ಮೇಲೆ ಫುವಾತಿನೊಳ ಮನೆತನವೆಲ್ಲ ತಲೆ ತಗ್ಗಿಸಿ ಕೂತಿತ್ತು. ಎಲ್ಲರ ಮುಂದೆ ಫುವಾತಿನೊ. ಗಂಡ ಸತ್ತ ಮೇಲೆ ಆ ಮನೆಯ ಯಜಮಾನಿಕೆಯ ಪದವಿ ಹೊತ್ತವಳು ಅವಳೇ. ತಲೆಯಿಂದ ನೆಲದವರೆಗೆ ತೋಗ ಚಾಪೆ ಹೊದ್ದಿದ್ದಳು, ಒಂದು ಬೆರಳೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಹಳೆಯ ಕಾಲದವರಂತೆ ಸೌದೆ, ಒಲೆಯ ಕಲ್ಲು, ಬಾಳೆ ಎಲೆ. ನಮ್ಮನ್ನು ಹಂದಿಯಂತೆ ಸುಟ್ಟು ತಿಂದರೂ ಸರಿ, ತಪ್ಪು ನಮ್ಮದು ಎಂದು ಅದರ ಅರ್ಥ.

ಇಫೋಗ ಎನ್ನುವ ಈ ಪದ್ಧತಿಗೆ ಕಟ್ಟಳೆ ಮೂರೇ. ನೊಂದ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತುವವರೆಗೆ ಚಾಪೆಯೊಳಗಿನವರು ಬಾಯಿ ಬಿಡುವಂತಿಲ್ಲ, ನೀರೂ ಕೇಳುವಂತಿಲ್ಲ, ತಪ್ಪು ಮಾಡಿದ ಮನೆಗೆ ಅಲ್ಲಿಯವರೆಗೆ ದನಿಯೇ ಇಲ್ಲ. ಸಂಜೆಯವರೆಗೂ ಯಾರೂ ಎತ್ತದಿದ್ದರೆ ಎದ್ದು ಹೋಗಬೇಕು, ಆಮೇಲೆ ಎರಡು ಮನೆಯ ನಡುವೆ ಏನಾದರೂ ಆಗಬಹುದು. ಯಜಮಾನ ಆಸ್ಪತ್ರೆಯಲ್ಲಿ ಇದ್ದದ್ದರಿಂದ ಎತ್ತುವ ಬಿಡುವ ಮಾತು ಸಿನಿವಾಳದ್ದೇ ಆಗಿತ್ತು.

ಅವಳು ಅವರನ್ನು ಸುತ್ತು ಹಾಕಿಕೊಂಡು ಮನೆಯೊಳಗೆ ಹೋಗಿ, ತೆಂಗಿನ ಗರಿಯ ತಡಿಕೆ ಅರ್ಧ ಇಳಿಸಿ, ಅದರ ಸಂದಿನಲ್ಲಿ ನೋಡುತ್ತ ಕೂತಳು. ವಿಷ ಹಾಕಿದವಳು ಕ್ಷಮೆ ಕೇಳಲು ಯಾಕೆ ಬಂದಳು? ಠಾಣೆಯ ಸುದ್ದಿ ಕಿವಿಗೆ ಬಿದ್ದಿರಬೇಕು. ಚಾಪೆ ಎತ್ತಿಸಿಕೊಂಡರೆ ದೂರು ಹಿಂದಕ್ಕೆ ತೆಗೆಸಬಹುದಲ್ಲ! ಅಲ್ಲಿಗೆ ಎಲ್ಲ ಸರಿಹೋಯಿತು. ಬಿಸಿಲು ಏರಿತು. ಹಿಂದೆ ಕೂತಿದ್ದ ಒಬ್ಬ ಮುದುಕ ಓಲಾಡಿದ, ಯಾರೋ ತೋಳು ಕೊಟ್ಟು ನೆಟ್ಟಗೆ ಕೂರಿಸಿದರು. ರಸ್ತೆಯ ಆಚೆ ಊರಿನ ಜನ ಸೇರಿದರು. ಪಾದ್ರಿ ಎಲಿಸಾರಾ ಬಂದು ಜಗುಲಿಯ ಅಂಚಿನಲ್ಲಿ ಕೂತರು.

“ಸಿನಿವಾ, ಎತ್ತಿಬಿಡು ತಾಯಿ. ಆ ಹೆಂಗಸಿಗೂ ವಯಸ್ಸಾಗಿದೆ.”

“ನೀವು ಯಾರ ಕಡೆ ಪಾದ್ರಿಗಳೇ?”

“ದೇವರ ಕಡೆ.”

“ದೇವರು ಆಸ್ಪತ್ರೆಯಲ್ಲಿ ಇರಬೇಕಿತ್ತಲ್ಲ, ಇಲ್ಲೇನು ಮಾಡ್ತಾನೆ? ನಡೀರಿ, ನನ್ನ ಗಂಡನ ಹತ್ತಿರ ಯಾರೂ ಇಲ್ಲ.”

ಪಾದ್ರಿಗಳು ಎದ್ದು ಹೋದರು. ಸಿನಿವಾ ಮತ್ತೆ ಸಂದಿಗೆ ಕಣ್ಣು ಕೊಟ್ಟಳು. ಈಗ ಅವಳ ಕಣ್ಣು ಮನುಷ್ಯರನ್ನು ಬಿಟ್ಟು ಚಾಪೆಗೆ ಹೋಯಿತು. ಬಿಸಿಲಿಗೆ ಅದು ರೇಷ್ಮೆಯ ಹಾಗೆ ಹೊಳೆಯುತ್ತಿತ್ತು, ಅಂಚಿನಲ್ಲಿ ಕೆಂಪು ಗರಿಗಳ ಸಾಲು. ಇಷ್ಟು ಸಣ್ಣನೆಯ ನೇಯ್ಗೆ ಇವರ ಮನೆಯಲ್ಲಿ ಎಲ್ಲಿತ್ತು? ಇಂಥದೊಂದು ಇದ್ದಿದ್ದರೆ ಅವಳ ಕಣ್ಣು ತಪ್ಪಿಸಿ ಇರಲು ಸಾಧ್ಯವಿತ್ತೆ? ಮೇಲೆ ಮಾತ್ರ ಹೊಳಪು, ಒಳಗೆ ಗಂಟು ಗಂಟು ಇರಬೇಕು. ಸಾಯುತ್ತಿರುವ ಡೀಕನ್ನನಿಗೆ ಒರಟು ಚಾಪೆ ಹೊದ್ದು ಬಂದು ಕ್ಷಮೆ ಕೇಳುತ್ತಾಳೆ, ಎಷ್ಟು ಸೊಕ್ಕು! ಯೋಚಿಸಿದಷ್ಟೂ ಮೈ ಉರಿಯಿತು. ತಡಿಕೆ ಸರಿಸಿ, ಸರಸರನೆ ಅಂಗಳಕ್ಕೆ ಇಳಿದು, ಮೂವತ್ತು ವರ್ಷ ನೇಯ್ಗೆ ಮನೆಯಲ್ಲಿ ಮಾಡಿದ್ದನ್ನೇ ಮಾಡಿದಳು. ಬಗ್ಗಿ, ಅಂಚು ಹಿಡಿದು, ಟಪ್ಪನೆ ಮಗುಚಿದಳು.

ಒಳಮೈಯಲ್ಲಿ ಒಂದೇ ಒಂದು ತುದಿ ಕಾಣಲಿಲ್ಲ. ಅಂಥ ನೇಯ್ಗೆಯನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಆಹಾ ಎನ್ನುವಷ್ಟರಲ್ಲಿ ರಸ್ತೆಯ ಆಚೆಯಿಂದ ಊರಿಗೆ ಊರೇ ಹೋ ಎಂದಿತು. ಫುವಾತಿನೊಳ ಮನೆಯವರು ಜೋರಾಗಿ ಅತ್ತರು, ಒಬ್ಬ ಮುದುಕ ಎದ್ದು ನಿಂತು ಕೃತಜ್ಞತೆಯ ಭಾಷಣ ಶುರುಮಾಡಿಯೇಬಿಟ್ಟ.

ಸಿನಿವಾ ಚಾಪೆ ಹಿಡಿದುಕೊಂಡು ಸುತ್ತ ನೋಡಿದಳು. “ಏಯ್, ಏಯ್! ನಾನು ಕ್ಷಮಿಸಲಿಲ್ಲ! ಒಳಗಡೆ ಹೇಗಿದೆ ಅಂತ ನೋಡೋಕೆ ಎತ್ತಿದೆ!”

“ಎತ್ತಿದ ಚಾಪೆ ಎತ್ತಿದ್ದೇ ಅಕ್ಕಾ!” ಎಂದು ರಸ್ತೆಯಿಂದ ಯಾರೋ ಕೂಗಿದರು. ನಗುವೂ ಕೇಳಿತು.

ಮತ್ತೆ ಹೊದಿಸಲು ಅವಳು ಬಗ್ಗಿದಳು ಕೂಡ. ಆದರೆ ಕೆಳಗೆ ಫುವಾತಿನೊಳ ಮುಖವಿತ್ತು. ಬೆವರಿನಲ್ಲಿ ತೊಯ್ದು, ತುಟಿ ಬಿರಿದು, ಕಣ್ಣು ಕೆಂಪಾಗಿತ್ತು. ಅವಳು ಧನ್ಯವಾದ ಹೇಳಲಿಲ್ಲ, ಅಳಲೂ ಇಲ್ಲ. ಸಿನಿವಾಳ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಬೇರೆ ಯಾರಿಗೂ ಕೇಳದಂತೆ ಅಂದಳು, “ಏಡಿ ಕಾಣ್ತಾವಾ ಅವನಿಗೆ?”

“ನಿನಗ್ಯಾರು ಹೇಳಿದ್ರು?”

“ನನ್ನ ಗಂಡನಿಗೂ ಕಂಡಿದ್ವು. ಪಾದ್ರಿಗಳ ಮುಂದೆ ಆಣೆ ಇಟ್ಟು ಒಂದೇ ಸಲಕ್ಕೆ ಕುಡಿತ ಬಿಟ್ಟ. ಮೂರನೇ ದಿನ ಚಾವಣಿ ತುಂಬ ಏಡಿ. ನಾಲ್ಕನೇ ದಿನ ಮಣ್ಣು ಮಾಡಿದ್ವಿ. ದಿನಾ ಕುಡಿಯೋ ಮೈಗೆ ತಟ್ಟನೆ ನಿಲ್ಲಿಸಿದ್ರೆ ಹೀಗಾಗತ್ತೆ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು. ನಿನ್ನ ಗಂಡ ನನ್ನ ಮಗನ ಗುಡಿಸಲಲ್ಲಿ ದಿನಾ ಕುಡೀತಿದ್ದ ಸಿನಿವಾ. ಇನ್ನು ಕೊಡಲ್ಲ, ಮನೆಗೆ ಹೋಗಿ ಮಾವ ಅಂದಿದ್ದಕ್ಕೇ ಜಗಳ. ಶನಿವಾರದಿಂದ ಅವನಿಗೆ ಒಂದು ತೊಟ್ಟೂ ಸಿಕ್ಕಿಲ್ಲ. ಡಾಕ್ಟ್ರಿಗೆ ಹೇಳು, ಬೇಗ ಹೇಳು.”

“ಸುಳ್ಳು!”

“ಆಯ್ತು, ಸುಳ್ಳು. ಹೋಗಿ ಹೇಳು.”

ಹತ್ತು ನಿಮಿಷದಲ್ಲಿ ಇಬ್ಬರೂ ಫುವಾತಿನೊಳ ಮನೆಯ ಪಿಕಪ್ಪಿನ ಹಿಂದೆ ಕೂತು ಆಸ್ಪತ್ರೆಯ ದಾರಿಯಲ್ಲಿದ್ದರು. ಸಿನಿವಾಳ ತಲೆಯಲ್ಲಿ ಲೆಕ್ಕಾಚಾರ ನಿಂತಿರಲಿಲ್ಲ. ಗಂಡ ಕುಡುಕ ಎಂದು ತನ್ನ ಬಾಯಲ್ಲೇ ಹೇಳಿಸಿದರೆ ಸೆಮಿಸಿಯ ತಪ್ಪು ಅರ್ಧವಾಗುತ್ತದೆ, ವಿಷದ ಮಾತು ಪೂರ್ತಿ ಹೋಗುತ್ತದೆ. ಎಂಥ ಚೆಂದದ ಬಲೆ!

“ಇಷ್ಟು ಗೊತ್ತಿದ್ದೋಳು ನಿನ್ನೆನೇ ಯಾಕೆ ಹೇಳಲಿಲ್ಲ?” ಎಂದಳು.

“ನಿನ್ನೆ ಆಸ್ಪತ್ರೆ ಬಾಗಿಲಿಗೆ ಬಂದಿದ್ದೆ. ವಿಷ ಹಾಕಿದೋಳು ಅಂತ ಒಳಗೆ ಬಿಡಲಿಲ್ಲ. ಚಾಪೆ ಹೊದೆಯೋಕೆ ಮುಂಚೆ ನನ್ನ ಬಾಯಿಂದ ನಿನ್ನ ಗಂಡನ ಕುಡಿತ ಬಂದಿದ್ರೆ ನೀನು ಏನಂತಿದ್ದೆ?”

ಸಿನಿವಾ ಪ್ರಾಮಾಣಿಕವಾಗಿ ಯೋಚಿಸಿದಳು. “ಮಗನ್ನ ಉಳಿಸೋಕೆ ಡೀಕನ್ ಮೇಲೆ ಕೆಸರು ಎರಚ್ತಾಳೆ ಅಂತಿದ್ದೆ.”

“ಊರೂ ಅದನ್ನೇ ಅಂತಿತ್ತು. ಚಾಪೆ ಎತ್ತಿಸ್ಕೊಂಡು ಮಾತಾಡೋಣ ಅಂತ ಕೂತೆ. ನೀನು ಎತ್ತಬೇಕಲ್ಲ! ಒಳಗೆ ಕೂತು ಲೆಕ್ಕ ಹಾಕ್ತಿದ್ದೆ, ಈ ಪುಣ್ಯಾತ್ಗಿತ್ತಿ ಸಂಜೆವರೆಗೂ ಬರಲ್ಲ, ಅಷ್ಟರಲ್ಲಿ ಅವನು ಹೋಗ್ತಾನೆ ಅಂತ.”

“ಈಗಲೂ ನಾನು ನಂಬಿಲ್ಲ.”

“ನಂಬಬೇಡ. ಹೇಳು ಸಾಕು.”

ಪಿಕಪ್ಪು ಕುಲುಕಿದಾಗಲೆಲ್ಲ ಇಬ್ಬರ ಭುಜ ತಾಗುತ್ತಿತ್ತು. ಪೆಪ್ಪರ್‌ಮಿಂಟಿನ ಘಾಟು, ಕಾಲುದಾರಿಯಲ್ಲಿ ಅವನು ನಡೆದು ಬರುತ್ತಿದ್ದ ಅತಿ ಜಾಗರೂಕ ನಡಿಗೆ, ಸಮುದ್ರಕ್ಕೆ ಬಿದ್ದ ಬಾಟಲಿಯ ಗುಳುಂ ಸದ್ದು, ಒಂದೊಂದೇ ಬಂದು ಸಿನಿವಾಳ ಮುಂದೆ ಕೂತವು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಆದರೆ ಇವಳಿಗೆ ಕತ್ತಲೆಯೂ ಇರಲಿಲ್ಲ. ಎಲ್ಲ ಕಂಡಿತ್ತು, ಕಂಡದ್ದನ್ನು ಊರಿನವರ ಮೇಲೆ ಹಾಕಿ ನಿಶ್ಚಿಂತೆಯಾಗಿದ್ದಳು. ಈಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ವಾರ್ಡಿನಲ್ಲಿ ಪೆನಿಯಾಮಿನಾನ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಪಾದ್ರಿಗಳು ಬೈಬಲ್ ತೆರೆದು ಕೂತಿದ್ದರು, ಸಭೆಯ ನಾಲ್ಕು ಹೆಂಗಸರು ಹಾಡುತ್ತಿದ್ದರು. ಡಾಕ್ಟರ್ ಲೂಸಿಯಾ ಹಡಗಿನ ವಿಷಯ ಫೋನಿನಲ್ಲಿ ಮಾತಾಡುತ್ತಿದ್ದಳು. ಸಿನಿವಾ ಡಾಕ್ಟರನ್ನು ಹೊರಗೆ ಕರೆಯಬಹುದಿತ್ತು. ಕರೆಯಬೇಕೆಂದೇ ಬಾಯಿ ತೆರೆದಳು. ಆದರೆ ಹೊರಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ ಮನಸ್ಸು ಬದಲಾದೀತು ಎಂದು ಅವಳಿಗೆ ತನ್ನ ಮೇಲೇ ಅನುಮಾನ ಬಂತು.

“ಕುಡೀತಿದ್ರು,” ಎಂದಳು, ಹಾಡಿಗಿಂತ ಗಟ್ಟಿಯಾಗಿ. “ದಿನಾ. ವರ್ಷಗಳಿಂದ. ನಾನು ಸುಳ್ಳು ಹೇಳಿದೆ. ಆ ಮಾತು ವಾಪಸ್ ತಗೋತೀನಿ.”

ಹಾಡು ನಿಂತಿತು. ಡಾಕ್ಟರ್ ಫೋನು ಕೆಳಗಿಟ್ಟು “ಕೊನೇ ಸಲ ಯಾವಾಗ?” ಎಂದಳು. ಶನಿವಾರ ಎಂದು ಬಾಗಿಲಿನಿಂದ ಫುವಾತಿನೊ ಹೇಳಿದಳು. ಡಾಕ್ಟರ್ ನರ್ಸಿಗೆ ಏನೋ ಕೂಗಿದಳು, ಸೂಜಿ ಬಂತು, ಬಾಟಲಿ ಬದಲಾಯಿತು. ಸ್ವಲ್ಪ ಹೊತ್ತಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಅವಳು ಹೇಳಿದಳು, “ಇದಕ್ಕೆ ನಾವು ವಿತ್‌ಡ್ರಾವಲ್ ಅಂತೀವಿ. ಮೈ ಒಗ್ಗಿಹೋಗಿರತ್ತೆ, ತಟ್ಟನೆ ಕಿತ್ಕೊಂಡ್ರೆ ರೊಚ್ಚಿಗೇಳತ್ತೆ. ಮೊದಲೇ ಗೊತ್ತಿದ್ರೆ ಶನಿವಾರನೇ ತಡೀಬಹುದಿತ್ತು. ಇನ್ನೂ ಗೆದ್ದಿಲ್ಲ, ನೋಡೋಣ.”

ಪಾದ್ರಿಗಳು ಮೆಲ್ಲಗೆ ಸಿನಿವಾಳ ಬಳಿ ಬಂದರು. “ನನಗೂ ಗೊತ್ತಿತ್ತು ತಾಯಿ. ಆಸ್ಪತ್ರೆ ನೆಪದಲ್ಲಿ ಬಿಟ್ಟರೆ ಒಳ್ಳೇದೇ ಆಯ್ತು ಅಂದ್ಕೊಂಡೆ. ಹೀಗಾಗತ್ತೆ ಅಂತ ಗೊತ್ತಿರಲಿಲ್ಲ.”

“ನಿಮಗೆ ಗೊತ್ತಿತ್ತಾ!”

ಹಾಡುತ್ತಿದ್ದ ನಾಲ್ಕು ಹೆಂಗಸರೂ ಒಟ್ಟಿಗೆ ನೆಲ ನೋಡಿದರು. ಮೂವತ್ತು ವರ್ಷ ಈ ಊರು ತನ್ನಿಂದ ಏನನ್ನೋ ಮುಚ್ಚಿಡುತ್ತಿದೆ ಎಂದು ಸಿನಿವಾ ಎದೆ ತಟ್ಟಿ ಹೇಳುತ್ತಿದ್ದಳಲ್ಲ, ಅದು ನಿಜವಾಗಿಯೇ ಇತ್ತು. ಅವಳ ಮರ್ಯಾದೆ ಕಾಯಲು ಊರೆಲ್ಲ ಬಾಯಿ ಹೊಲಿದುಕೊಂಡಿತ್ತು. ಅದನ್ನು ಕೇಳಿ ಅವಳಿಗೆ ಸಂತೋಷವಾಗಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ, ಸಿಟ್ಟೇ ಬಂತು.

ಎರಡು ದಿನ ಪೆನಿಯಾಮಿನಾ ನಿದ್ದೆ ಮಾಡಿದ. ಎದೆ ಬಡಿತ ಇಳಿಯಿತು, ಏಡಿಗಳು ಹೋದವು. ಸಿನಿವಾ ಠಾಣೆಗೆ ಹೋಗಿ ಎರಡು ದೂರನ್ನೂ ಹಿಂದಕ್ಕೆ ಕೊಡಿ ಎಂದು ಕೇಳಿದಳು. ವಿಷದ್ದನ್ನು ವಿಲಿಯಾಮು ಸಂತೋಷದಿಂದ ಮುಚ್ಚಿಹಾಕಿದ.

“ತಳ್ಳಿದ್ದು ಮಾತ್ರ ಆಗಲ್ಲ ತಾಯಿ. ದೂರು ಕೊಟ್ಟಿದ್ದು ನೀವು, ಆದರೆ ಕೇಸು ಸರ್ಕಾರದ್ದು. ಅದನ್ನ ವಿತ್‌ಡ್ರಾ ಮಾಡೋದು ಬಿಡೋದು ನಿಮ್ಮ ಕೈಲಿಲ್ಲ. ಇಫೋಗ ಆಯ್ತು, ನೀವು ಚಾಪೆ ಎತ್ತಿದ್ರಿ ಅಂತ ಜಡ್ಜ್ ಮುಂದೆ ಹೇಳ್ತೀವಿ, ಶಿಕ್ಷೆ ಇಳಿಸ್ತಾರೆ.”

ವಿತ್‌ಡ್ರಾ ಎಂಬ ಈ ಪದವನ್ನೇ ಡಾಕ್ಟರೂ ಹೇಳಿದ್ದಳು, ಬ್ಯಾಂಕಿನಲ್ಲಿ ಹೆಂಗಸರ ಸಂಘದ ದುಡ್ಡು ತೆಗೆಯುವಾಗಲೂ ಇದೇ ಪದ. ಬ್ಯಾಂಕಿನಲ್ಲಿ ಹಾಕಿದ್ದನ್ನು ತೆಗೆದರೆ ಕೈಗೆ ಬರುತ್ತದೆ. ಉಳಿದ ಕಡೆ ತೆಗೆಯಲು ಹೋದಾಗ ಅದು ಕೈಗೆ ಬರುತ್ತದೆಂಬ ಭರವಸೆಯೇ ಇಲ್ಲವಲ್ಲ ಎಂದು ಸಿನಿವಾಳಿಗೆ ಅನಿಸಿತು.

“ಎತ್ತಿದ್ದು ನೋಡೋಕೆ,” ಎಂದಳು ಅವಳು.

“ಅದನ್ನೂ ಹೇಳಬೇಕಾ ಜಡ್ಜ್‌ಗೆ?”

ಸಿನಿವಾ ಸ್ವಲ್ಪ ಯೋಚಿಸಿದಳು. “ಬೇಡ. ಎತ್ತಿದ್ದೇ ಅಂತ ಹೇಳಿ.”

ಆಸ್ಪತ್ರೆಗೆ ಬಂದಾಗ ಗಂಡ ದಿಂಬಿಗೆ ಒರಗಿ ಕೂತಿದ್ದ. ಮುಖ ಇಳಿದಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ಅವನ ಅಂಥ ಕಣ್ಣು ನೋಡಿ ಎಷ್ಟು ವರ್ಷವಾಯಿತೋ ಅವಳಿಗೆ ನೆನಪಾಗಲಿಲ್ಲ.

“ಪಾದ್ರಿಗಳು ಬಂದಿದ್ರು,” ಎಂದ ಪೆನಿಯಾಮಿನಾ. “ಡೀಕನ್ ಪದವಿ ಬಿಟ್ಟುಕೊಟ್ಟೆ.”

“ಹೂಂ.”

“ಊರಿಗೆಲ್ಲ ಗೊತ್ತಾಯ್ತಾ?”

“ಊರಿಗೆ ಮೊದಲಿಂದ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.”

ಅವನು ಅವಳನ್ನೇ ನೋಡಿದ. “ನಿನಗೆ?”

ಊರಿನ ಪ್ರತಿಯೊಂದು ಪ್ರಶ್ನೆಗೂ ಇನ್ನೊಂದು ಪ್ರಶ್ನೆಯನ್ನೇ ಎಸೆಯುತ್ತಿದ್ದ ಸಿನಿವಾಳಿಗೆ ಈ ಒಂದಕ್ಕೆ ಎದುರು ಪ್ರಶ್ನೆ ಸಿಗಲಿಲ್ಲ.

“ಗೊತ್ತಿತ್ತು,” ಎಂದಳು.

“ಹಾಗಾದ್ರೆ ಡಾಕ್ಟ್ರು ಎರಡೆರಡು ಸಲ ಕೇಳಿದಾಗ ಇಲ್ಲ ಅಂದೆಯಂತಲ್ಲ. ಮೊದಲನೇ ಸಲ ನಾನೂ ತಲೆ ಆಡಿಸಿದೆ, ಅದು ನನ್ನ ತಪ್ಪು. ಎರಡನೇ ಸಲ ನಾನು ಸಾಯ್ತಾ ಇದ್ದೆ.”

“ಮರ್ಯಾದೆಗೆ ಅಂತ.”

“ನನ್ನ ಮರ್ಯಾದೆಗಾ, ನಿನ್ನದಕ್ಕಾ?”

ಪಕ್ಕದ ಮಂಚದವರು ಮಾತು ನಿಲ್ಲಿಸಿ ಕಿವಿ ಇಟ್ಟದ್ದು ಸಿನಿವಾಳಿಗೆ ಗೊತ್ತಾಯಿತು. ಅವಳು ಆ ಕಡೆ ತಿರುಗಲಿಲ್ಲ.

“ನನ್ನದಕ್ಕೆ.”

ಪೆನಿಯಾಮಿನಾ ದಿಂಬು ಸರಿಮಾಡಿಕೊಂಡು ನೆಟ್ಟಗೆ ಕೂತ.

“ಸರಿ. ನೀನು ಹೇಳಿ ಆಯ್ತು,” ಎಂದ. “ಈಗ ನಾನು ಹೇಳ್ತೀನಿ. ಯಾವತ್ತು ಶುರುವಾಯ್ತು ಅನ್ನೋದರಿಂದ ಹೇಳ್ತೀನಿ. ಕೂತ್ಕೋ.”

ಸಿನಿವಾ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು.